ಸೋತಿದ್ದು ಪಕ್ಷ, ನಿದ್ದೆ ಕೆಟ್ಟಿದ್ದು ಇವರದು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮೂವತ್ತೈದರ ಆಸುಪಾಸಿನ ಮಹಿಳೆ. ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಚುನಾವಣಾ ಫಲಿತಾಂಶ ಬಂದು ಐದು ವಾರವಾಗಿತ್ತು. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಇಲ್ಲ ಎಂದು ಡಾಕ್ಟರ ಹತ್ತಿರ ಹೋಗಿದ್ದರು. ಇಸಿಜಿ, ಥೈರಾಯ್ಡ್ ಎರಡೂ ಸರಿ ಇದ್ದವು. ಡಾಕ್ಟರು ನನ್ನ ಬಳಿ ಕಳಿಸಿದರು.

“ಎಲೆಕ್ಷನ್ ಸೋತಿದ್ದಕ್ಕೆ ಕೌನ್ಸೆಲಿಂಗ್‌ಗೆ ಬಂದಿದೀನಿ ಅಂದ್ರೆ ಜನ ನಗ್ತಾರೆ ಮೇಡಂ,” ಅಂದರು.

ನಗುವಂಥದ್ದೇನೂ ಇಲ್ಲ. ಯಾವ ಪಕ್ಷ ಗೆದ್ದರೂ ಇಂಥವರು ಬರುತ್ತಾರೆ. ಇವರದು ಯಾವ ಪಕ್ಷ ಎಂದು ಇಲ್ಲಿ ಬರೆಯುವುದಿಲ್ಲ. ಸಲಹೆಗೆ ಅದು ಬೇಕಾಗಲೂ ಇಲ್ಲ.

ರಜೆ ಸಿಕ್ಕಾಗಲೆಲ್ಲ ಮನೆಮನೆಗೆ ಹೋಗಿ ಪ್ರಚಾರ ಮಾಡಿದ್ದರು. ಆನ್‌ಲೈನಲ್ಲೂ ಖಾರವಾಗಿ ಬರೆದಿದ್ದರು. ಫಲಿತಾಂಶದ ರಾತ್ರಿಯಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರ. ಕೈ ತಾನಾಗಿ ದಿಂಬಿನ ಪಕ್ಕದ ಫೋನಿಗೆ ಹೋಗುತ್ತಿತ್ತು. ಸುದ್ದಿ, ಸುದ್ದಿಯ ಕೆಳಗಿನ ಬೈಗುಳ, ಎಲ್ಲ ಓದಿ ಎದ್ದುಹೋಗಿ ಬಾಗಿಲ ಚಿಲಕ ನೋಡಿ ಬರುತ್ತಿದ್ದರು. ಆಫೀಸಿನಲ್ಲಿ ಯಾರ ಜೊತೆಗೂ ಮಾತಿಲ್ಲ. “ಒಬ್ಬೊಬ್ಬರ ಮುಖ ನೋಡಿದಾಗ್ಲೂ ಇವರು ಯಾರಿಗೆ ಹಾಕಿರಬಹುದು ಅಂತಾನೇ ಯೋಚನೆ.”

ಸಾಯುವ ಯೋಚನೆ ಬರುತ್ತದೆಯಾ ಎಂದು ನೇರವಾಗಿ ಕೇಳಿದೆ. ಎಲ್ಲರನ್ನೂ ಕೇಳುತ್ತೇನೆ. ಇಲ್ಲ ಎಂದರು. ಆತಂಕ ಅಳೆಯುವ ಜಿಎಡಿ-7 ಎಂಬ ಪ್ರಶ್ನಾವಳಿ ಕೊಟ್ಟೆ. ಹಿಂದಿನ ಎರಡು ವಾರದ ಬಗ್ಗೆ 7 ಪ್ರಶ್ನೆ, ಒಟ್ಟು 21 ಅಂಕ. ಇವರದು 13 ಬಂತು. 10ರಿಂದ 14 ಅಂದರೆ ಮಧ್ಯಮ ಮಟ್ಟ. ಸದ್ಯಕ್ಕೆ ವಾರಕ್ಕೊಮ್ಮೆ ಭೇಟಿ, ತಿಂಗಳಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರ ಬಳಿ ಎಂದು ಮಾತಾಯಿತು.

ಏನೇನು ಭಯ ಎಂದು ಬರೆಯಲು ಹಾಳೆ ಕೊಟ್ಟೆ. ಗಡಿಬಿಡಿಯಲ್ಲಿ ಬರೆದರು: “ಕೆಲಸ ಹೋಗುತ್ತೆ. ಯಾರೋ ಮನೆ ಹತ್ರ ಬರ್ತಾರೆ. ಮಗಳಿಗೆ ಸ್ಕೂಲಲ್ಲಿ ಏನಾದ್ರೂ ಅಂತಾರೆ. ದೇಶ ಮುಗೀತು.” ಇದರಲ್ಲಿ ಈಗಾಗಲೇ ನಡೆದದ್ದು ಯಾವುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ತೆಗೆದು ತೋರಿಸಿದರು. ಅಪರಿಚಿತ ಖಾತೆಯಿಂದ ಒಂದು ಸಂದೇಶ: “ಎಲ್ಲಿ ಕೆಲಸ ಮಾಡ್ತೀಯ ಅಂತ ಗೊತ್ತು.” ಗಂಡನಿಗೂ ಹೇಳಿರಲಿಲ್ಲ.

ಇಂಥ ಕಡೆ “ಸುಮ್ನೆ ಭಯ ಬಿಡಿ, ಧ್ಯಾನ ಮಾಡಿ” ಅನ್ನುವ ಸಲಹೆಗಾರರನ್ನು ಕಂಡರೆ ನನಗೆ ಆಗುವುದಿಲ್ಲ. ಬೆದರಿಕೆ ಬಂದಿದೆ. ಮೊದಲು ಅದಕ್ಕೊಂದು ದಾರಿ ಆಗಬೇಕು. ಸಂದೇಶ ಅಳಿಸಬೇಡಿ, ಉತ್ತರ ಕೊಡಬೇಡಿ. ದಿನಾಂಕ, ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಪಾಸ್‌ವರ್ಡ್ ಬದಲಿಸಿ, ಪ್ರೊಫೈಲಿನಿಂದ ಕಂಪನಿಯ ಹೆಸರು ತೆಗೆಯಿರಿ. ಮನೆಯಲ್ಲಿ ಒಬ್ಬರಿಗೆ, ಆಫೀಸಿನಲ್ಲಿ ಒಬ್ಬರಿಗೆ ಹೇಳಿಡಿ. ಕೆಲಸದ ಜಾಗದ ಮಾತು ಬಂದಿರುವುದರಿಂದ ಇನ್ನೊಂದು ಸಂದೇಶಕ್ಕೆ ಕಾಯದೆ ಪೊಲೀಸರಿಗೆ ದೂರು ಕೊಡಿ ಎಂದೆ. ಗಂಡನ ಜೊತೆ ಹೋಗಿ ಕೊಟ್ಟರು. ಇದುವರೆಗೆ ಅದರಿಂದ ಏನೂ ಆಗಿಲ್ಲ. ಆದರೂ ರಾತ್ರಿ ಚಿಲಕ ನೋಡುವುದು ನಿಂತಿತು.

ಫೋನ್ ರಾತ್ರಿ ಹೊರಗಿನ ಕೋಣೆಯಲ್ಲಿ, ಸುದ್ದಿ ದಿನಕ್ಕೆ ಎರಡೇ ಸಲ. ಉಳಿದ ಚಿಂತೆಗೆ ಸಂಜೆ ಅರ್ಧ ಗಂಟೆ. ಬೇರೆ ಹೊತ್ತಲ್ಲಿ ಬಂದ ಯೋಚನೆಯನ್ನು ಒಂದು ಸಾಲು ಗೀಚಿಟ್ಟು ಸಂಜೆಗೆ ತಳ್ಳುವುದು. ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಪ್ರಕಟಿಸಿದ ವಿಧಾನ ಇದು, ಹಳೆಯದಾದರೂ ಚೆನ್ನಾಗಿ ನಡೆಯುತ್ತದೆ. ಇವರಿಗೆ ಮೊದಲ ವಾರ ಹಿಡಿಸಲೇ ಇಲ್ಲ. ಆಮೇಲೆ ಸಂಜೆ ಪುಸ್ತಕ ತೆರೆದರೆ ಅರ್ಧದಷ್ಟು ಸಾಲು ಯಾಕೆ ಬರೆದೆ ಅನ್ನಿಸತೊಡಗಿತು.

ಮೂರನೇ ಭೇಟಿಯಲ್ಲಿ ಅಣ್ಣನ ವಿಷಯ ಬಂತು. “ಅವನು ಆ ಕಡೆ ವೋಟ್ ಹಾಕಿದ. ಹಾಕ್ಲಿ ಮೇಡಂ. ಆದ್ರೆ ಅವತ್ತು ಮನೆಯವರ ಗ್ರೂಪಲ್ಲಿ ನನ್ನ ಹೆಸರು ಹಾಕಿ ನಗೋ ಚಿತ್ರ ಕಳಿಸಿದ.” ಅದನ್ನು ಹೇಳುವಾಗಲೇ ಮೊದಲ ಸಲ ಅತ್ತಿದ್ದು. ಪಕ್ಷ ಸೋತ ನೋವು ಆಗಲೇ ಕಡಿಮೆಯಾಗುತ್ತಾ ಬಂದಿತ್ತು. ಇದು ಹಾಗೇ ಕೂತಿತ್ತು.

ಗ್ರೂಪಿನಲ್ಲಿ ಬೇಡ, ಫೋನ್ ಮಾಡಿ, ಯಾವ ನಾಯಕನ ಹೆಸರೂ ಎತ್ತಬೇಡಿ ಎಂದೆ. ನಾನೇ ಅಣ್ಣನಾಗಿ ಕೂತು ಅಭ್ಯಾಸ ಮಾಡಿಸಿದೆ. ಎರಡನೇ ವಾಕ್ಯಕ್ಕೇ ಸರ್ಕಾರದ ನೀತಿಗೆ ಹೋಗಿಬಿಡುತ್ತಿದ್ದರು! ಕೊನೆಗೆ ಉಳಿದದ್ದು ಇಷ್ಟು: “ಅಣ್ಣಾ, ನಾನು ಹೆದರಿಕೊಂಡಿದ್ದ ದಿನ ನೀನು ನಕ್ಕೆ. ತುಂಬಾ ಬೇಜಾರಾಯ್ತು.” ಅವರು “ತಮಾಷೆ ಕಣೇ” ಅಂದು ಮತ್ತೆ ರಾಜಕೀಯ ತೆಗೆದರಂತೆ. ಇವರು “ಅದು ಇನ್ನೊಂದಿನ” ಅಂದು ಇಟ್ಟರು. ಅಣ್ಣ ಕ್ಷಮೆ ಕೇಳಿಲ್ಲ. ಬೆದರಿಕೆಯ ಸುದ್ದಿ ತಿಳಿದು, ದೂರು ಏನಾಯಿತು ಎಂದು ಒಮ್ಮೆ ವಿಚಾರಿಸಿದ್ದಾರೆ.

1994ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಗವರ್ನರ್ ಚುನಾವಣೆಯ ವೇಳೆ ಮನಶ್ಶಾಸ್ತ್ರಜ್ಞ ಡೇನಿಯಲ್ ಗಿಲ್ಬರ್ಟ್ ಮತ್ತು ಜೊತೆಗಾರರು, ಸೋತರೆ ನಿಮಗೆ ಹೇಗನ್ನಿಸಬಹುದು ಎಂದು ಮತದಾರರನ್ನು ಮೊದಲೇ ಕೇಳಿದ್ದರು. ತಿಂಗಳ ನಂತರ ನೋಡಿದರೆ ಸೋತ ಕಡೆಯವರು ತಾವು ಅಂದುಕೊಂಡಷ್ಟು ದುಃಖದಲ್ಲಿರಲಿಲ್ಲ. ಇದನ್ನು ಮೊದಲ ದಿನ ಹೇಳಲಿಲ್ಲ. ಆಗ ಹೇಳಿದ್ದರೆ “ಎಲ್ಲ ಸರಿ ಹೋಗುತ್ತೆ ಬಿಡಿ” ಅಂದಂತೆ ಕೇಳಿಸುತ್ತಿತ್ತು. ಅಲ್ಲದೆ ಆ ಅಧ್ಯಯನ ಮನಸ್ಥಿತಿಯ ಬಗ್ಗೆ. ಹೊಸ ಸರ್ಕಾರದಿಂದ ನಿಜಕ್ಕೂ ತೊಂದರೆಗೆ ಸಿಕ್ಕವರಿಗೆ ಅದು ಸಮಾಧಾನವಾಗಲಾರದು.

ರಾಜೀನಾಮೆ ಪತ್ರ ಬರೆದಿಟ್ಟಿದ್ದರು. ಬೇರೆ ದೇಶದ ವೀಸಾ ಕೂಡ ವಿಚಾರಿಸಿದ್ದರು. ನಿದ್ದೆಗೆಟ್ಟ ದಿನಗಳಲ್ಲಿ ದೊಡ್ಡ ನಿರ್ಧಾರ ಬೇಡ, ಮೂರು ತಿಂಗಳು ಮುಂದೂಡಿ ಎಂದೆ. ಈ ಸ್ಥಿತಿಯಲ್ಲಿರುವ ಯಾರಿಗಾದರೂ ಇದನ್ನೇ ಹೇಳುತ್ತೇನೆ. ಕೆಲಸಕ್ಕೆ ಹೋಗಲಾಗುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಮಾತ್ರ ಒಂದು ದಿನವೂ ಕಾಯದೆ ಮನೋವೈದ್ಯರನ್ನು ಕಾಣಬೇಕು.

ಈಚಿನ ಭೇಟಿಯಲ್ಲಿ ಅಂಕ 6ಕ್ಕೆ ಇಳಿದಿತ್ತು. ಪ್ರಚಾರದಲ್ಲಿ ಇಷ್ಟವಾದದ್ದು ಏನು ಎಂದು ಕೇಳಿದ್ದಕ್ಕೆ, ಮತದಾರರ ಪಟ್ಟಿಯಲ್ಲಿ ವಯಸ್ಸಾದವರ ಹೆಸರು ಹುಡುಕಿಕೊಟ್ಟದ್ದು ಅಂದರು. ಅದಕ್ಕೆ ಯಾವ ಪಕ್ಷವೂ ಗೆಲ್ಲಬೇಕಾಗಿಲ್ಲ ಅಲ್ವಾ? ಈಗ ವಾರಕ್ಕೊಂದು ದಿನ ಓದು ಬರಹ ಬಾರದವರಿಗೆ ಅರ್ಜಿ ತುಂಬಿಕೊಡುತ್ತಾರೆ. “ಇನ್ಮುಂದೆ ವೋಟೇ ಹಾಕಲ್ಲ” ಅನ್ನುವ ಮಾತನ್ನು ಅವರು ವಾಪಸ್ ತೆಗೆದುಕೊಂಡಿಲ್ಲ. ನಾನೂ ಕೇಳಲು ಹೋಗಿಲ್ಲ.