ಓದುಗರ ಪ್ರಶ್ನೆ: ಆರು ವಾರದ ಕೋರ್ಸ್ ಮಾಡಿದರೆ ಸ್ಪೆಷಲ್ ಟೀಚರ್ ಆಗಬಹುದಾ?

ಪ್ರಶ್ನೆ (ಡೊಂಬಿವಲಿ): ಮೇಡಂ, ನಾನು ಬಿ.ಕಾಂ. ಮಾಡಿದ್ದೇನೆ. ಮಗ ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಈಗ ಅವನು ಐದನೇ ಕ್ಲಾಸು. ಪಕ್ಕದ ಬಿಲ್ಡಿಂಗಿನಲ್ಲಿ ಆಟಿಸಂ ಇರುವ ಒಬ್ಬಳು ಹುಡುಗಿ ಇದ್ದಾಳೆ, ಸಂಜೆ ಅವಳಿಗೆ ಪಾಠ ಹೇಳಿಕೊಡುತ್ತೇನೆ. ಇದನ್ನೇ ಕೆಲಸ ಮಾಡಿಕೊಳ್ಳೋಣ ಅನಿಸಿದೆ. ಆನ್‌ಲೈನ್‌ನಲ್ಲಿ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ. ಅದು ಸಾಕಾ?

ಉತ್ತರ: ಸಾಲದು. ಕೋರ್ಸ್ ಕೆಟ್ಟದ್ದು ಅಂತಲ್ಲ, ನಾಲ್ಕು ವಿಷಯ ತಿಳಿಯುತ್ತದೆ. ಆದರೆ ಅದನ್ನು ಹಿಡಿದುಕೊಂಡು ‘ನಾನು ಸ್ಪೆಷಲ್ ಎಜುಕೇಟರ್’ ಅಂತ ಬೋರ್ಡ್ ಹಾಕುವಂತಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ 1992ರ ಕಾಯ್ದೆ ಇದೆ. ಅದರ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತು, ಎಲ್ಲರೂ ಆರ್‌ಸಿಐ ಅನ್ನುತ್ತಾರಲ್ಲ ಅದು, ಒಪ್ಪಿದ ಕೋರ್ಸ್ ಮಾಡಿರಬೇಕು, ಅವರ ರಿಜಿಸ್ಟರಿನಲ್ಲಿ ಹೆಸರಿರಬೇಕು. ಹೆಸರು ಸೇರಿದ ಮೇಲೆ ಸಿಕ್ಕುವುದೇ ಸಿಆರ್‌ಆರ್ ನಂಬರ್. ಅದಿಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಕಾಯ್ದೆಯಲ್ಲಿದೆ. ಸಾವಿರ ರೂಪಾಯಿ ಅಂದರೆ ಈಗ ನಗು ಬರುತ್ತದೆ, ಬಿಡಿ. ಆದರೆ ಒಳ್ಳೆಯ ಶಾಲೆಗಳು ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದೇ ಆ ನಂಬರು.

ನೀವು ಪದವೀಧರೆ, 50 ಪರ್ಸೆಂಟ್ ಇದ್ದರೆ ಎರಡು ವರ್ಷದ ಬಿ.ಎಡ್. ಸ್ಪೆಷಲ್ ಎಜುಕೇಶನ್ ಮಾಡಬಹುದು. ಪಿಯುಸಿ ಮುಗಿಸಿದವರಿಗೆ ಡಿ.ಎಡ್. ಇದೆ, ಅದೂ ಎರಡು ವರ್ಷ. ಯಾವ ಮಕ್ಕಳ ಜೊತೆ ಕೆಲಸ ಮಾಡುತ್ತೀರಿ ಅಂತ ಸೇರುವಾಗಲೇ ಆರಿಸಬೇಕು. ಕಿವಿ ಕೇಳದ ಮಕ್ಕಳಿಗೆ ಬೇರೆ, ಕಣ್ಣು ಕಾಣದವರಿಗೆ ಬೇರೆ, ಬುದ್ಧಿಮಾಂದ್ಯ ಇರುವವರಿಗೆ ಬೇರೆ. ಮುಂಬಯಿಯಲ್ಲಿ ಜಾಗಕ್ಕೆ ಬರವಿಲ್ಲ. ಬಾಂದ್ರಾ ರೆಕ್ಲಮೇಷನ್‌ನಲ್ಲಿ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ಅದು ಮಾತು ಮತ್ತು ಶ್ರವಣಕ್ಕೆ. ಜುಹು ಕಡೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ವಿಶೇಷ ಶಿಕ್ಷಣಕ್ಕೇ ಒಂದು ವಿಭಾಗ ಇದೆ. ಖಾರ್‌ಘರ್‌ನಲ್ಲಿ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ನಿಮಗೆ ಡೊಂಬಿವಲಿಯಿಂದ ಠಾಣೆಗೆ ಬಂದು ಪನ್ವೆಲ್ ಗಾಡಿ ಹಿಡಿದರೆ ಖಾರ್‌ಘರ್ ವಾಸಿ, ಬೆಳಿಗ್ಗೆ ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನಿಗೆ ಹತ್ತುವ ಹೊಡೆದಾಟ ತಪ್ಪುತ್ತದೆ. ದುಡ್ಡು ಕಟ್ಟುವ ಮೊದಲು ಆ ವರ್ಷಕ್ಕೆ, ಆ ಕೋರ್ಸಿಗೆ ಒಪ್ಪಿಗೆ ಇದೆಯಾ ಅಂತ ಆರ್‌ಸಿಐ ವೆಬ್‌ಸೈಟಿನಲ್ಲೇ ನೋಡಿ. ಕಾಲೇಜಿನವರು ಹೇಳಿದರು ಅಂತ ನಂಬಬೇಡಿ.

ಆಮೇಲೆ ಒಂದು ಪ್ರಶ್ನೆ ಕೇಳಿ: ಮಕ್ಕಳ ಜೊತೆ ಎಷ್ಟು ದಿನ ಕೂರಿಸುತ್ತೀರಿ? ನನ್ನ ಮಟ್ಟಿಗೆ ಕೋರ್ಸಿನ ತೂಕ ಇರುವುದೇ ಅಲ್ಲಿ. ಯಾಕೆ ಅಂದರೆ ಈ ಕೆಲಸದ ಅರ್ಧ ಭಾಗ ಸುಮ್ನೆ ನೋಡುವುದು, ನೋಡಿದ್ದನ್ನು ಬರೆದಿಡುವುದು. ಒಬ್ಬ ಹುಡುಗ ದಿನಾ ಮೂರನೇ ಪೀರಿಯಡ್‌ನಲ್ಲಿ ಕಿವಿ ಮುಚ್ಚಿಕೊಂಡು ಕ್ಲಾಸಿನಿಂದ ಹೊರಗೆ ಓಡುತ್ತಾನೆ ಅಂದುಕೊಳ್ಳಿ. ಹಟಮಾರಿ ಅಂತ ಎಲ್ಲರೂ ತೀರ್ಮಾನ ಮಾಡಿರುತ್ತಾರೆ. ತರಬೇತಿ ಆದವರು ಮೂರು ಕಾಲಂ ಎಳೆಯುತ್ತಾರೆ. ಓಡುವ ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಉಳಿದವರು ಏನು ಮಾಡಿದರು. ಒಂದೆರಡು ವಾರ ಹೀಗೆ ಬರೆದರೆ ಪಕ್ಕದ ಕ್ಯಾಂಟೀನಿನಲ್ಲಿ ಮಿಕ್ಸಿ ಹಾಕುವ ಹೊತ್ತು ಅದೇ ಅಂತ ಗೊತ್ತಾಗಬಹುದು. ಅವನ ಜಾಗ ಬದಲಿಸಿದರೆ ಅರ್ಧ ಕೆಲಸ ಆಯಿತು, ಬೈಯುವ ಅಗತ್ಯವೇ ಇಲ್ಲ.

ಇನ್ನರ್ಧ, ಒಂದು ಕೆಲಸವನ್ನು ಚೂರು ಚೂರು ಮಾಡಿ ಕಲಿಸುವುದು. ಟೀ ಶರ್ಟ್ ಹಾಕಿಕೊಳ್ಳುವುದು ನಮಗೆ ಒಂದೇ ಕೆಲಸ. ಆ ಮಗುವಿಗೆ ಅದು ಐದಾರು ಕೆಲಸ: ಹಿಂದು ಮುಂದು ನೋಡಬೇಕು, ತಲೆ ತೂರಿಸಬೇಕು, ಒಂದು ಕೈ, ಇನ್ನೊಂದು ಕೈ, ಕೆಳಗೆ ಎಳೆಯಬೇಕು. ಕೊನೆಯದನ್ನೇ ಮೊದಲು ಕಲಿಸುವ ಪದ್ಧತಿ ಒಂದಿದೆ. ಎಲ್ಲ ನೀವೇ ಹಾಕಿ, ಕೆಳಗೆ ಎಳೆದುಕೊಳ್ಳುವುದನ್ನು ಮಾತ್ರ ಮಗುವಿಗೆ ಬಿಡುವುದು. ಕೆಲಸ ಮುಗಿಸಿದ ಖುಷಿ ದಿನಾ ಮಗುವಿಗೇ ಸಿಗುತ್ತದೆ. ಅದು ಪಕ್ಕಾ ಆದ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುವುದು. ಓದಲು ಸುಲಭ, ಅಲ್ವಾ? ಆದರೆ ಕೈ ಹಿಡಿದು ಮಾಡಿಸುವುದನ್ನು ಯಾವಾಗ ನಿಲ್ಲಿಸಬೇಕು ಅನ್ನುವುದು ಪಕ್ಕದಲ್ಲಿ ಅನುಭವಿ ಟೀಚರ್ ನಿಂತು ‘ಈಗ ಬಿಡಿ’ ಅಂದಾಗಲೇ ತಿಳಿಯುವುದು. ಆರು ವಾರದ ವಿಡಿಯೋದಲ್ಲಿ ಅದು ಬರುವುದಿಲ್ಲ.

ಪ್ರಶ್ನೆ (ವಡಾಲಾ): ನಾನು ಕನ್ನಡ ಮಾಧ್ಯಮದ ಶಿಕ್ಷಕಿ. ನಾಲ್ಕನೇ ತರಗತಿಯ ಒಬ್ಬ ಹುಡುಗನಿಗೆ ಒತ್ತಕ್ಷರ ಬರುವುದಿಲ್ಲ. ಕಲಬುರಗಿ ಕಡೆಯ ಕುಟುಂಬ, ತಂದೆ ತಾಯಿ ಕಟ್ಟಡ ಕೆಲಸದವರು. ಡಿಸ್ಲೆಕ್ಸಿಯಾ (ಓದು ಬರಹ ಕಲಿಯುವುದರಲ್ಲೇ ಇರುವ ತೊಂದರೆ) ಇರಬೇಕು, ಸರ್ಟಿಫಿಕೇಟ್ ಮಾಡಿಸಿ ಅಂತ ಹೆಡ್‌ಮಿಸ್ ಹೇಳುತ್ತಾರೆ. ಇದಕ್ಕೆ ನಾನು ಬೇರೆ ಟ್ರೈನಿಂಗ್ ಮಾಡಬೇಕಾ?

ಉತ್ತರ: ಸ್ವಲ್ಪ ತಡೆಯಿರಿ. ಆ ಹುಡುಗ ಈವರೆಗೆ ಎಷ್ಟು ಶಾಲೆ ಬದಲಿಸಿದ್ದಾನೆ, ಎಷ್ಟು ತಿಂಗಳು ಶಾಲೆಗೇ ಬಂದಿಲ್ಲ, ಅದನ್ನು ಮೊದಲು ಕೇಳಿ. ಕೆಲಸ ಇದ್ದಲ್ಲಿಗೆ ಹೋಗುವ ಮನೆಯ ಮಕ್ಕಳಿಗೆ ಪಾಠವೇ ಆಗಿರುವುದಿಲ್ಲ. ಕಲಿಸದೇ ಇದ್ದದ್ದು ಬರದಿದ್ದರೆ ಅದು ಡಿಸ್ಲೆಕ್ಸಿಯಾ ಅಲ್ಲ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ನಮ್ಮ ಲಿಪಿಯನ್ನೂ ನೋಡಿ. ಇಂಗ್ಲಿಷಿಗೆ 26 ಅಕ್ಷರ. ಕನ್ನಡದಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿದರೆ ನೂರಾರು ರೂಪ. ‘ಗ್ಗ’ದಲ್ಲಿ ಒತ್ತು ಗ ತರಹವೇ ಕಾಣುತ್ತದೆ, ‘ಮ್ಮ’ದ ಒತ್ತಿನಲ್ಲಿ ಮ ಎಲ್ಲಿದೆ ಹೇಳಿ! ‘ಸೂರ್ಯ’ದಲ್ಲಿ ರ್ ಮೊದಲು ಓದುತ್ತೇವೆ, ಬರೆಯುವುದು ಕೊನೆಗೆ. ಒತ್ತಕ್ಷರ ಪೂರ್ತಿ ಕೈಗೆ ಹತ್ತಲು ಎಲ್ಲ ಮಕ್ಕಳಿಗೂ ವರ್ಷಗಳು ಬೇಕು.

ನಿಜವಾದ ಸುಳಿವು ಬರವಣಿಗೆಗಿಂತ ಜಾಸ್ತಿ ಸದ್ದಿನಲ್ಲಿ ಸಿಗುತ್ತದೆ. ‘ಅರಮನೆ’ಯಿಂದ ‘ಅರ’ ತೆಗೆದರೆ ಏನು ಉಳಿಯಿತು? ‘ಬಾಳೆ’ಯಲ್ಲಿ ‘ಬಾ’ ತೆಗೆದು ‘ನಾ’ ಇಟ್ಟರೆ ಏನಾಯಿತು? ಪೆನ್ನು, ಪುಸ್ತಕ ಏನೂ ಬೇಡ, ಬಾಯಲ್ಲೇ ಕೇಳಿ. ಬೇರೆ ವಿಷಯದಲ್ಲಿ ಚುರುಕಾಗಿದ್ದು ಇಲ್ಲಿ ಮತ್ತೆ ಮತ್ತೆ ತಡವರಿಸಿದರೆ, ನೀವು ಸರಿಯಾಗಿ ಕಲಿಸಿದ ಮೇಲೂ ಹಾಗೇ ಇದ್ದರೆ, ಆಗ ಮುಂದಿನ ಹೆಜ್ಜೆ.

ಆ ಹೆಜ್ಜೆಗೂ ಕನ್ನಡದಲ್ಲೇ ಸಲಕರಣೆ ಇದೆ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ‘ಡಾಲಿ’ ಅನ್ನುವ ಪರೀಕ್ಷೆ ಹೊರತಂದಿತು, ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ. ಅದರ ಒಂದು ಭಾಗ ಶಿಕ್ಷಕರೇ ತುಂಬುವುದು, 1-2ನೇ ತರಗತಿಗೆ ಒಂದು, 3ರಿಂದ 5ಕ್ಕೆ ಇನ್ನೊಂದು. ಇನ್ನೊಂದು ಭಾಗ ಸೈಕಾಲಜಿಸ್ಟ್ ಮಾಡುವುದು. ಕನ್ನಡ ಓದುವ ಹುಡುಗನನ್ನು ಇಂಗ್ಲಿಷ್ ಪರೀಕ್ಷೆಯಲ್ಲಿ ಕೂರಿಸಿ ‘ಫೇಲ್’ ಅನ್ನುವುದು ನಡೆಯುತ್ತಲೇ ಇರುತ್ತದೆ, ಅದಕ್ಕೆ ಒಪ್ಪಬೇಡಿ. ಸರ್ಟಿಫಿಕೇಟಿಗೆ ಸಾಯನ್ ಆಸ್ಪತ್ರೆಯ ಎಲ್‌ಡಿ (ಕಲಿಕೆಯ ತೊಂದರೆ) ಕ್ಲಿನಿಕ್ ನಿಮಗೆ ಹತ್ತಿರ. ಎಂಟು ವರ್ಷ ತುಂಬದೆ ಕೊಡುವುದಿಲ್ಲ. ಸಿಕ್ಕಿದರೆ ಮುಂದೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ರಿಯಾಯಿತಿ ಇದೆ.

ನಿಮಗೆ ಇನ್ನೊಂದು ಬಿ.ಎಡ್. ಬೇಡ. ಕ್ಲಾಸ್ ಟೀಚರ್ ಕೆಲಸ ಗುರುತಿಸುವುದು, ಪಾಠವನ್ನು ಸ್ವಲ್ಪ ಬದಲಿಸುವುದು. ಅದಕ್ಕೆ ಸಣ್ಣ ತರಬೇತಿ ಸಾಕು. ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್‌ನವರು ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ, ವಿಚಾರಿಸಿ.

ಪ್ರಶ್ನೆ (ಪಿಂಪ್ರಿ-ಚಿಂಚ್‌ವಡ್): ನನ್ನ ತಂಗಿಯ ಮಗನಿಗೆ ಆಟಿಸಂ. ‘ಶ್ಯಾಡೋ ಟೀಚರ್ (ಕ್ಲಾಸಿನಲ್ಲಿ ಮಗುವಿನ ಪಕ್ಕದಲ್ಲೇ ಕೂತು ನೆರವಾಗುವವರು) ಇಟ್ಟರೆ ಮಾತ್ರ ಶಾಲೆಗೆ ಕಳಿಸಿ, ಸಂಬಳ ನಿಮ್ಮದೇ’ ಅಂತ ಶಾಲೆಯವರು ಅನ್ನುತ್ತಾರೆ. ಸರಿಯೇ?

ಉತ್ತರ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿದ 21 ಸ್ಥಿತಿಗಳಲ್ಲಿ ಆಟಿಸಂ ಕೂಡ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಬೇಕಾದ ನೆರವನ್ನೂ ಕೊಡಬೇಕು. ಹಾಗಾಗಿ ಅವರ ಮಾತನ್ನು ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಜೋರಾಗಿ ಹೇಳುವವರು ಕಾಗದದ ಮೇಲೆ ಮೆತ್ತಗಾಗುತ್ತಾರೆ. 2021ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಕೊರತೆಯ ಬಗ್ಗೆ ತೀರ್ಪು ಕೊಟ್ಟಿತು. ಆಮೇಲೆ ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಅಂತ ಲೆಕ್ಕ ಬಂತು. 2025ರ ಮಾರ್ಚ್‌ನಲ್ಲಿ, ಹುದ್ದೆಗಳನ್ನು ಮಂಜೂರು ಮಾಡಿ ತುಂಬಿ ಅಂತ ಕೋರ್ಟು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು.

ಶ್ಯಾಡೋ ಟೀಚರ್ ಬೇಕಾಗುವ ಮಕ್ಕಳೂ ಇದ್ದಾರೆ. ಆದರೆ ಅವರಿಗೆ ಕಾರ್ಯಕ್ರಮ ಹಾಕಿಕೊಡಲು ತರಬೇತಿ ಆದ ಸ್ಪೆಷಲ್ ಎಜುಕೇಟರ್ ಇರಲೇಬೇಕು. ಇಲ್ಲದಿದ್ದರೆ ದಿನವಿಡೀ ಮಗುವಿನ ಕೈ ಹಿಡಿದು ಕೂರುತ್ತಾರೆ, ಕ್ಲಾಸ್ ಟೀಚರ್ ಆ ಕಡೆ ತಿರುಗಿಯೂ ನೋಡುವುದಿಲ್ಲ. ಯಾವ ತಿಂಗಳಿಗೆ ಯಾವ ಸಹಾಯ ಕಡಿಮೆ ಮಾಡುತ್ತೀರಿ ಅಂತ ಕೇಳಿ.

ಪ್ರಶ್ನೆ (ವಾಸ್ಕೋ, ಗೋವಾ): ನಮಸ್ಕಾರ್ರಿ ಮೇಡಂ. ನಾಲ್ಕು ವರ್ಷದ ಮಗಳಿಗೆ ಮಾತು ತಡ, ಆಟಿಸಂ ಅಂದಿದ್ದಾರೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ, ಹಿಂದಿ. ಇನ್ನು ಬರೀ ಇಂಗ್ಲಿಷ್ ಮಾತಾಡಿ ಅಂತ ಶಾಲೆಯವರ ಸಲಹೆ.

ಉತ್ತರ: ಮನೆಮಾತು ಬಿಡಬೇಡಿ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಮಕ್ಕಳ ಮಾತು ಇನ್ನೂ ಹಿಂದೆ ಬೀಳುತ್ತದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ನಿಮಗೇ ಸಲೀಸಾಗಿ ಬರದ ಇಂಗ್ಲಿಷಿನಲ್ಲಿ ‘ಕಮ್, ಈಟ್, ಸಿಟ್’ ಅಂತ ಆದೇಶ ಮಾತ್ರ ಕೊಡುತ್ತೀರಿ, ಹರಟೆ, ಹಾಡು, ರೇಗಿಸುವುದು ಎಲ್ಲ ನಿಂತುಹೋಗುತ್ತದೆ. ಅಜ್ಜಿ ಮನೆಯಲ್ಲಿದ್ದರೆ ಅವರಂತೂ ಮೂಕರೇ ಆಗುತ್ತಾರೆ. ಥೆರಪಿಸ್ಟ್‌ಗೆ ಕನ್ನಡ ಬರದಿದ್ದರೆ, ಮಗಳಿಗೆ ಅರ್ಥವಾಗುವ ಮನೆಯ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ: ಬಾ, ಬ್ಯಾಡ, ಅನ್ನ, ನೀರು, ಸಾಕು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಉಚ್ಚಾರ ಬರೆಯಿರಿ. ಚಿತ್ರದ ಕಾರ್ಡ್ ಕೊಟ್ಟರೆ ಮನೆಯಲ್ಲಿ ಅದೇ ಕಾರ್ಡ್ ತೋರಿಸಿ ಕನ್ನಡದಲ್ಲೇ ಹೇಳಿ.