ಆಫ್ರಿಕಾದಲ್ಲಿ ಬರಡು ನೆಲವನ್ನು ರೈತರೇ ಮತ್ತೆ ಹಸಿರಾಗಿಸಿದ್ದು ಹೇಗೆ?

ಗುದ್ದಲಿ, ಗೊಬ್ಬರ, ಗೆದ್ದಲು. ಬುರ್ಕಿನಾ ಫಾಸೊದ ಯಾತೆಂಗಾ ಸೀಮೆಯಲ್ಲಿ ಮುಖ್ಯವಾಗಿ ಕೆಲಸ ಮಾಡಿದ್ದು ಈ ಮೂರು.

1970-80ರ ದಶಕಗಳ ಬರಕ್ಕೆ ಅಲ್ಲಿನ ನೆಲ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಮಳೆ ಬಿದ್ದರೂ ನೀರು ಇಂಗದೆ, ಮೇಲ್ಮಣ್ಣನ್ನೂ ಹೊತ್ತುಕೊಂಡು ಹರಿದುಹೋಗುತ್ತಿತ್ತು. ಎಷ್ಟೋ ಜನ ಊರು ಬಿಟ್ಟರು. ಯಾಕೂಬಾ ಸಾವಾದೊಗೊ ಎಂಬ ರೈತ ಅಲ್ಲೇ ಉಳಿದು, 'ಜಾಯ್' ಎಂಬ ಹಳೆಯ ಗುಣಿ ಪದ್ಧತಿಯನ್ನು ಸುಧಾರಿಸಿದರು.

ಬೇಸಿಗೆಯಲ್ಲೇ ಗುಣಿ ತೋಡಬೇಕು. ಒಂದೂವರೆ ಗೇಣು ಅಗಲ, ಗೇಣಿಗಿಂತ ಕಡಿಮೆ ಆಳ. ಒಳಗೆ ಸಗಣಿ ಗೊಬ್ಬರ, ಒಣಗಿದ ಎಲೆ. ಅದನ್ನು ತಿನ್ನಲು ಗೆದ್ದಲು ಬರುತ್ತದೆ. ಗೆದ್ದಲು ಅಂದ್ರೆ ನಮಗೆ ಭಯ, ಅಲ್ವಾ? ಇಲ್ಲಿ ಅದೇ ಉಪಕಾರಿ. ಗಟ್ಟಿ ಮಣ್ಣಿನಲ್ಲಿ ಸಣ್ಣ ಸಣ್ಣ ಸುರಂಗ ಕೊರೆಯುತ್ತದೆ, ಮಳೆನೀರು ಆ ದಾರಿಯಲ್ಲಿ ಒಳಗಿಳಿಯುತ್ತದೆ. ಗುಣಿಯಲ್ಲೇ ಜೋಳ, ಸಜ್ಜೆ ಬಿತ್ತುತ್ತಾರೆ. ಗೊಬ್ಬರದ ಜೊತೆ ಬಂದ ಮರದ ಬೀಜಗಳೂ ಮೊಳೆಯುತ್ತವೆ. ಯಾಕೂಬಾ ಅವನ್ನು ಕೀಳದೆ ಬೆಳೆಸಿದರು, ಕಾಲಕ್ರಮೇಣ ಅದೊಂದು ಕಾಡೇ ಆಯಿತು. ತಾವು ಕಲಿತದ್ದನ್ನು ಸುತ್ತಲಿನ ಹಳ್ಳಿಗಳ ರೈತರಿಗೂ ಹೇಳಿಕೊಟ್ಟರು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಪಕ್ಕದ ನೈಜರ್‌ನಲ್ಲಿ ಹೊಸ ಗಿಡ ನೆಡುವ ಗೋಜಿಗೇ ಹೋಗಲಿಲ್ಲ. ಕಡಿದ ಮರಗಳ ಬೇರು ನೆಲದಡಿ ಜೀವಂತವಾಗಿತ್ತು. ಅದರಿಂದ ಚಿಗುರಿದ ಕೊಂಬೆಗಳಲ್ಲಿ ಒಳ್ಳೆಯ ಕೆಲವನ್ನು ಉಳಿಸಿ, ಮಿಕ್ಕಿದ್ದನ್ನು ಸವರಿದರು. ಸುಮಾರು 50 ಲಕ್ಷ ಹೆಕ್ಟೇರ್ ಹೀಗೆ ಹಸಿರಾಗಿದೆ. ನನ್ನ ಪ್ರಕಾರ ಇಲ್ಲಿ ಗುಟ್ಟು ಇರುವುದು ಹಕ್ಕಿನಲ್ಲಿ. ಮೊದಲು ಮರ ಸರ್ಕಾರದ್ದು, ಹಾಗಾಗಿ ಯಾರೂ ಕಾಯುತ್ತಿರಲಿಲ್ಲ. ತನ್ನ ಹೊಲದ ಮರ ತನ್ನದೇ ಎಂಬ ನಂಬಿಕೆ ಬಂದ ಮೇಲೆ ರೈತ ಅದನ್ನು ಜೋಪಾನ ಮಾಡತೊಡಗಿದ.