ಸತ್ತದ್ದು ಒಬ್ಬನೇ, ಕಲಂ ಎರಡು ಯಾಕೆ?

ಚಿತ್ರದುರ್ಗ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ವಿಷಯ ಇಷ್ಟು. 2022ರಲ್ಲಿ ಅವರ ಊರಲ್ಲಿ ಬೋರ್‌ವೆಲ್ ನೀರಿನ ಸರದಿಗೆ ಇಬ್ಬರು ದಾಯಾದಿಗಳು ಜಗಳಕ್ಕೆ ಬಿದ್ದರು. ಬೈಗುಳ ಹೋಗಿ ಕೈಕೈ ಮಿಲಾಯಿಸಿದರು. ಒಬ್ಬ ಕೈಯಲ್ಲಿದ್ದ ಸನಿಕೆಯ ಕಾವಿನಿಂದ ತಲೆಗೆ ಒಂದೇಟು ಹಾಕಿದ. ಏಟು ತಿಂದವನು ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಪೊಲೀಸರು ಕೊಲೆ ಕೇಸು ಹಾಕಿದರು. ಸೆಷನ್ಸ್ ಕೋರ್ಟು ಮಾತ್ರ ಇದು ಕೊಲೆಯಲ್ಲದ ದಂಡನೀಯ ನರಹತ್ಯೆ ಅಂತ ಏಳು ವರ್ಷ ಶಿಕ್ಷೆ ಕೊಟ್ಟಿತು. ಮೇಷ್ಟ್ರು ಕೇಳುತ್ತಾರೆ: "ಹೊಡೆದವನು ಇವನೇ ಅಂತ ಕೋರ್ಟೇ ಒಪ್ಪಿದೆ. ಮನುಷ್ಯ ಸತ್ತಿದ್ದಾನೆ. ಆದರೂ ಕೊಲೆಯಲ್ಲ ಅಂದ್ರೆ ಏನರ್ಥ? ದುಡ್ಡು ಕೆಲಸ ಮಾಡಿತಾ?"

ಮೇಷ್ಟ್ರೇ, ದುಡ್ಡಿನ ಮಾತು ಸದ್ಯ ಬದಿಗಿಡೋಣ. ಮೊದಲು ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಇಂಥ ಸುದ್ದಿಗೆಲ್ಲ ನಾವು ಪತ್ರಿಕೆಯವರು 'ಉದ್ದೇಶವಿಲ್ಲದ ಕೊಲೆ' ಅಂತ ತಲೆಬರಹ ಕೊಟ್ಟುಬಿಡುತ್ತೇವೆ. ಪ್ಲಾನ್ ಮಾಡಿ ಸಾಯಿಸಿದರೆ ಕೊಲೆ, ಸಿಟ್ಟಲ್ಲಿ ಹೊಡೆದು ಸತ್ತರೆ ಕೊಲೆಯಲ್ಲ ಅಂತ ಜನ ನಂಬಿರುವುದು ಇದರಿಂದಲೇ. ಎರಡೂ ಪೂರ್ತಿ ನಿಜವಲ್ಲ.

ಕಾನೂನು ನೋಡುವುದು ಬೇರೆ ತರಹ. ಹೊಡೆದವನ ಮನಸ್ಸಲ್ಲಿ ಏನಿತ್ತು, ಅವನು ಮಾಡಿದ ಕೆಲಸಕ್ಕೆ ಸಾವು ಎಷ್ಟು ಹತ್ತಿರವಿತ್ತು? ಸಾವು ಬರಬಹುದಾದಂಥ ಗಾಯ ಮಾಡುವ ಇರಾದೆ ಇದ್ದರೆ ನರಹತ್ಯೆ. ಮಾಡಬೇಕೆಂದುಕೊಂಡ ಗಾಯ, ಸಹಜವಾಗಿ ನೋಡಿದರೆ ಜೀವ ತೆಗೆಯಲು ಸಾಕಾಗುವಂಥದ್ದೇ ಆಗಿದ್ದರೆ ಕೊಲೆ. 'ಬರಬಹುದು' ಮತ್ತು 'ಸಾಕು', ಈ ಎರಡು ಮಾತಿನ ನಡುವೆ ಇರುವ ಸಂದಿಯಲ್ಲೇ ವಕೀಲರು ದಿನಗಟ್ಟಲೆ ವಾದ ಮಾಡುತ್ತಾರೆ.

ಹಳೇ ಕೇಸೊಂದು ಹೇಳುತ್ತೇನೆ. 1876ರದ್ದು, ಸಾತಾರಾ ಕಡೆಯದು. ಗೋವಿಂದ ಅನ್ನುವ 18 ವರ್ಷದ ಹುಡುಗ, ಅವನ ಹೆಂಡತಿಗೆ 15. ಜಗಳದಲ್ಲಿ ಅವಳನ್ನು ಕೆಡವಿ, ಎದೆಯ ಮೇಲೆ ಮೊಣಕಾಲು ಊರಿ, ಮುಖಕ್ಕೆ ಎರಡು ಮೂರು ಸಲ ಗುದ್ದಿದ. ಮಿದುಳಲ್ಲಿ ರಕ್ತಸ್ರಾವವಾಗಿ ಅವಳು ಸತ್ತಳು. ಸೆಷನ್ಸ್ ಜಡ್ಜ್ ಗಲ್ಲು ಬರೆದರು. ಬಾಂಬೆ ಹೈಕೋರ್ಟಿನಲ್ಲಿ (ಆಗ ಧಾರವಾಡ, ಬೆಳಗಾವಿಗೂ ಅದೇ ಹೈಕೋರ್ಟು) ಇಬ್ಬರು ಜಡ್ಜ್‌ಗಳಿಗೆ ಒಮ್ಮತ ಬರಲಿಲ್ಲ. ಮೂರನೆಯವರಾಗಿ ಬಂದ ಮೆಲ್ವಿಲ್, ಗುದ್ದಿನಿಂದ ಸಾವು ಬರಬಹುದಿತ್ತು, ಆದರೆ ಸಹಜವಾಗಿ ಸಾವೇ ಬರುವಂಥ ಗುದ್ದು ಅದಲ್ಲ ಅಂದರು. ಗಲ್ಲು ತಪ್ಪಿತು, ಏಳು ವರ್ಷವಾಯಿತು. ಆ 15ರ ಹುಡುಗಿಯನ್ನು ನೆನೆದರೆ ನನಗೆ ಇವತ್ತಿಗೂ ಈ ತೀರ್ಪು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆದರೂ ಗೆರೆ ಎಲ್ಲಿದೆ ಅಂತ ತೋರಿಸಲು ವಕೀಲರು ಈಗಲೂ ಇದನ್ನೇ ತೆರೆಯುತ್ತಾರೆ.

ಇದರ ಪಕ್ಕದಲ್ಲಿ ಪಂಜಾಬಿನ ವಿರ್ಸಾ ಸಿಂಗ್ ಕೇಸು ಇಟ್ಟು ನೋಡಿ. ಭರ್ಜಿಯಿಂದ ಹೊಟ್ಟೆಗೆ ಒಂದೇ ತಿವಿತ. ಕರುಳು ಹೊರಗೆ ಬಂತು. ಸಾಯಿಸುವ ಉದ್ದೇಶ ಇರಲಿಲ್ಲ ಅಂತ ವಾದಿಸಿದರು. 1958ರಲ್ಲಿ ಸುಪ್ರೀಂ ಕೋರ್ಟಿನ ವಿವಿಯನ್ ಬೋಸ್ ಅದನ್ನು ಒಪ್ಪಲಿಲ್ಲ. ಆ ಜಾಗಕ್ಕೆ ಆ ಗಾಯ ಮಾಡಬೇಕು ಅಂತಲೇ ತಿವಿದನಾ? ಹೌದು. ಆ ಗಾಯ ಜೀವ ತೆಗೆಯಲು ಸಾಕಾ? ಡಾಕ್ಟರು ಸಾಕು ಅಂದರು. ಇಷ್ಟಾದರೆ ಕೊಲೆ, 'ಸಾಯಲಿ ಅಂತ ಅಂದುಕೊಂಡಿರಲಿಲ್ಲ' ಅನ್ನುವುದು ನಡೆಯೋದಿಲ್ಲ. ಏಟು ಒಂದೇ ಅನ್ನುವುದೂ ರಕ್ಷಣೆಯಲ್ಲ.

ಹಾಗಾದರೆ ನಿಮ್ಮೂರಿನ ಸನಿಕೆ ಕಾವು? ತಲೆಗೇ ಬಿದ್ದಿದೆಯಲ್ಲ ಅಂತ ಕೇಳುತ್ತೀರಿ, ಸರಿಯಾದ ಪ್ರಶ್ನೆ. ಇಲ್ಲಿ ಇನ್ನೊಂದು ಬಾಗಿಲಿದೆ. ಕೊಲೆಯ ಕಲಮಿಗೇ ಐದು ವಿನಾಯಿತಿಗಳಿವೆ. ಹಠಾತ್ ಹೊಡೆದಾಟ ಅವುಗಳಲ್ಲಿ ಒಂದು. ಮೊದಲೇ ಹೊಂಚು ಹಾಕಿರಬಾರದು, ಜಗಳದ ಕಾವಿನಲ್ಲೇ ಆಗಿರಬೇಕು, ಹೊಡೆದವನು ಎದುರಿನವನ ನಿಸ್ಸಹಾಯ ಸ್ಥಿತಿಯ ಲಾಭ ಪಡೆದಿರಬಾರದು, ಕ್ರೂರವಾಗಿ ವರ್ತಿಸಿರಬಾರದು. ಯಾರು ಮೊದಲು ಶುರು ಮಾಡಿದರು ಅನ್ನುವುದು ಲೆಕ್ಕಕ್ಕಿಲ್ಲ. ನೀರು ಕಟ್ಟಲು ತಂದ ಸನಿಕೆಗೂ ಮನೆಗೆ ಓಡಿ ಹೋಗಿ ತಂದ ಮಚ್ಚಿಗೂ ಜಡ್ಜ್ ಒಂದೇ ಬೆಲೆ ಕಟ್ಟುವುದಿಲ್ಲ. ಬಿದ್ದವನ ಮೇಲೆ ಎರಡನೇ ಏಟು ಹಾಕಿದ್ದರೂ ಕಥೆ ಬೇರೆಯಾಗುತ್ತಿತ್ತು.

'ಸಿಟ್ಟಲ್ಲಿ ಮಾಡಿದ' ಅಂದಾಕ್ಷಣ ಬಿಟ್ಟುಬಿಡುತ್ತಾರೆ ಅಂತಲೂ ಅಲ್ಲ. ನೌಕಾಪಡೆಯ ಕಮಾಂಡರ್ ನಾನಾವತಿ 1959ರಲ್ಲಿ ಹೆಂಡತಿಯ ಬಾಯಿಂದಲೇ ಆಕೆಗೆ ಇನ್ನೊಬ್ಬನ ಜೊತೆಗಿದ್ದ ಸಂಬಂಧದ ಸುದ್ದಿ ಕೇಳಿದರು. ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟರು. ಹಡಗಿಗೆ ಹೋಗಿ ಸುಳ್ಳು ನೆಪ ಹೇಳಿ ರಿವಾಲ್ವರ್ ತಗೊಂಡರು. ಆಮೇಲೆ ಆತನ ಮನೆಗೆ ಹೋಗಿ ಗುಂಡು ಹಾರಿಸಿದರು. ಅಷ್ಟರಲ್ಲಿ ಸಿಟ್ಟು ಆರಲು ಬೇಕಾದಷ್ಟು ಹೊತ್ತು ಕಳೆದಿತ್ತು ಅಂತ ಸುಪ್ರೀಂ ಕೋರ್ಟು 1961ರಲ್ಲಿ ಕೊಲೆಯನ್ನೇ ಎತ್ತಿಹಿಡಿಯಿತು.

ಇನ್ನು ಏಳು ವರ್ಷದ ಲೆಕ್ಕ. ಕೊಲೆಗೆ ಗಲ್ಲು ಅಥವಾ ಜೀವಾವಧಿ, ಅದಕ್ಕಿಂತ ಕಡಿಮೆ ಇಲ್ಲ. ನರಹತ್ಯೆಯಲ್ಲಿ ಎರಡು ಭಾಗ. ಸಾವಿನ ಇಲ್ಲವೇ ಅಂಥ ಗಾಯದ ಉದ್ದೇಶವಿದ್ದರೆ ಜೀವಾವಧಿವರೆಗೂ ಹೋಗಬಹುದು. ಉದ್ದೇಶವಿಲ್ಲ, ಸಾಯಬಹುದು ಅನ್ನುವ ಅರಿವು ಮಾತ್ರ ಇತ್ತು ಅಂದರೆ ಗರಿಷ್ಠ ಹತ್ತು ವರ್ಷ. ಕೋರ್ಟಿನ ಕಾರಿಡಾರಿನಲ್ಲಿ 'ತ್ರೀ ನಾಟ್ ಫೋರ್ ಪಾರ್ಟ್ ಟೂ' ಅನ್ನುವುದು ಇದಕ್ಕೇ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಮೇಲೆ ಹಳೇ ದಂಡ ಸಂಹಿತೆಯ (ಐಪಿಸಿ) ಕೊಲೆ ಶಿಕ್ಷೆಯ ಕಲಂ 302 ಹೋಗಿ 103 ಆಗಿದೆ, ನರಹತ್ಯೆ ಶಿಕ್ಷೆಯ 304 ಹೋಗಿ 105 ಆಗಿದೆ. ನಿಮ್ಮೂರಿನ ಘಟನೆ ಅದಕ್ಕೂ ಮೊದಲಿನದು, ಹಳೇ ನಂಬರೇ ಅನ್ವಯ.

ನೀವು ತೀರ್ಪಿನ ಪ್ರತಿ ಕಳಿಸಿಲ್ಲ, ಹಾಗಾಗಿ ಜಡ್ಜ್ ಮಾಡಿದ್ದು ಸರಿಯೋ ತಪ್ಪೋ ನಾನು ಹೇಳಲಾರೆ. ಒಂದು ವಿಷಯ ಮಾತ್ರ ಸತ್ತವನ ಹೆಂಡತಿಗೆ ತಿಳಿಸಿ. ಕೊಲೆ ಬದಲು ಸಣ್ಣ ಅಪರಾಧಕ್ಕೆ ಶಿಕ್ಷೆಯಾದರೆ ಆಕೆಯೇ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು, ಸರ್ಕಾರ ಹಾಕಲಿ ಅಂತ ಕಾಯಬೇಕಿಲ್ಲ. ತೀರ್ಪಿನ ಸರ್ಟಿಫೈಡ್ ಕಾಪಿ ತೆಗೆಸಿ, ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರ ಪಾಟೀಸವಾಲು ಇರುವ ಪುಟವನ್ನು ಮೊದಲು ಓದಿಸಿ. ಏಟಿನ ಬಗ್ಗೆ ಅವರು 'ಸಾಕು' ಅಂದಿದ್ದಾರಾ, 'ಬರಬಹುದು' ಅಂದಿದ್ದಾರಾ ಅಂತ ನೋಡಿ. ತಡ ಮಾಡಬೇಡಿ, ಮೇಲ್ಮನವಿಗೆ ವಾಯಿದೆ ಇದೆ.